ನೋಡಿದವರು ಹೇಳಬೇಕು, ಹೇಳಿದ್ದನ್ನು ಕೇಳಬೇಕು: ಬಾಂಬ್ ತಡೆ ತರಬೇತಿ ಬಗ್ಗೆ ಓದುಗರ ಪ್ರಶ್ನೆಗಳು

ಬಾಂಬ್ ತಡೆಯುವ ಎಚ್ಚರಿಕೆ ತರಬೇತಿ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಹಿಂದಿನ ಸಂಚಿಕೆಯಲ್ಲಿ ಹೇಳಿದ್ದೆವು. ಪತ್ರಗಳು ಬಂದದ್ದು ಜಾಸ್ತಿ ಗಾರ್ಡ್‌ಗಳಿಂದ, ಆಂಬ್ಯುಲೆನ್ಸ್ ಸಿಬ್ಬಂದಿಯಿಂದ, ಫೋನ್ ಎತ್ತುವ ಕೆಲಸದವರಿಂದ. ಹೆಸರು ಹಾಕಬೇಡಿ ಅಂದವರೇ ಹೆಚ್ಚು, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ.

ಪ್ರಶ್ನೆ: ನಾನು ಒಂದು ದೊಡ್ಡ ಮಳಿಗೆಯಲ್ಲಿ ಗಾರ್ಡ್. ಬಾಂಬ್ ಬಗ್ಗೆ ಒಂದು ದಿನದ ತರಬೇತಿಗೆ ಹೋಗಲೇಬೇಕಂತೆ. ಬಾಂಬ್ ನೋಡಿಕೊಳ್ಳುವುದಕ್ಕೆ ಪರಿಣತರ ದಳ ಇದೆ ಅಲ್ವಾ? ನನಗೆ ಯಾಕೆ ಇದು?

ಉತ್ತರ: ದಳ ಇದೆ, ನಿಜ. ಆದರೆ ಯಾರಾದರೂ ಕರೆದ ಮೇಲೆ ತಾನೇ ಅವರು ಬರುವುದು? ಆ ಕರೆಯುವವರು ನೀವು. ಬಾಂಬ್ ಬಿಚ್ಚುವುದನ್ನು ಈ ತರಬೇತಿಯಲ್ಲಿ ಯಾರೂ ಹೇಳಿಕೊಡುವುದಿಲ್ಲ, ಹೇಳಿಕೊಡಲೂಬಾರದು. ಏನನ್ನು ಗಮನಿಸಬೇಕು, ಯಾವುದನ್ನು ಮುಟ್ಟಬಾರದು, ಯಾರಿಗೆ ಎಷ್ಟು ಬೇಗ ಹೇಳಬೇಕು, ಅಲ್ಲಿಯವರೆಗೆ ಜನರನ್ನು ಎಲ್ಲಿಗೆ ಕಳಿಸಬೇಕು. ಅಷ್ಟೇ ಪಾಠ.

1996ರ ಜುಲೈ 27ರ ರಾತ್ರಿಯನ್ನೇ ತೆಗೆದುಕೊಳ್ಳಿ. ಅಟ್ಲಾಂಟಾದಲ್ಲಿ ಒಲಿಂಪಿಕ್ಸ್ ನಡೆಯುತ್ತಿತ್ತು. ಸೆಂಟೆನಿಯಲ್ ಒಲಿಂಪಿಕ್ ಪಾರ್ಕ್‌ನಲ್ಲಿ ಸಂಗೀತ ಕಾರ್ಯಕ್ರಮ, ಸಾವಿರಾರು ಜನ. ರಿಚರ್ಡ್ ಜುವೆಲ್ ಎಂಬ ಗಾರ್ಡ್‌ಗೆ ಒಂದು ಬೆಂಚಿನ ಕೆಳಗೆ ಹಸಿರು ಬ್ಯಾಗ್ ಕಾಣಿಸಿತು. ಅವರು ಅದನ್ನು ಎತ್ತಲಿಲ್ಲ, ಜಿಪ್ ಎಳೆದು ನೋಡಲಿಲ್ಲ. ಅಲ್ಲೇ ಇದ್ದ ಅಧಿಕಾರಿಗೆ ಹೇಳಿದರು. ಸುತ್ತ ಇದ್ದವರನ್ನು ಕೇಳಿದರೆ ಯಾರೂ ನಮ್ಮದು ಅನ್ನಲಿಲ್ಲ. ಬಾಂಬ್ ಪರಿಣತರು ಬಂದರು, ಜನರನ್ನು ಹಿಂದಕ್ಕೆ ಸರಿಸುವ ಕೆಲಸ ಶುರುವಾಯಿತು, ಜುವೆಲ್ ಪಕ್ಕದ ಗೋಪುರದೊಳಗೆ ಹೋಗಿ ಅಲ್ಲಿ ಕೆಲಸ ಮಾಡುತ್ತಿದ್ದ ತಂತ್ರಜ್ಞರಿಗೂ ಇಳಿದು ಹೊರಡಿ ಎಂದರು. ಅಷ್ಟರಲ್ಲಿ ಬಾಂಬ್ ಸಿಡಿಯಿತು. ಒಬ್ಬ ಮಹಿಳೆ ಸತ್ತರು, ಸ್ಥಳಕ್ಕೆ ಓಡಿದ ಒಬ್ಬ ಕ್ಯಾಮೆರಾಮನ್ ಹೃದಯಾಘಾತದಿಂದ ತೀರಿಕೊಂಡರು, 100ಕ್ಕೂ ಹೆಚ್ಚು ಜನರಿಗೆ ಗಾಯವಾಯಿತು. ಬ್ಯಾಗ್ ಯಾರ ಕಣ್ಣಿಗೂ ಬೀಳದೇ ಹೋಗಿದ್ದರೆ, ಆ ಬೆಂಚಿನ ಸುತ್ತ ಜನ ಒತ್ತಾಗಿ ನಿಂತಿರುತ್ತಿದ್ದರು.

ಆಮೇಲೆ ನಡೆದದ್ದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ತನಿಖೆಯವರು ಜುವೆಲ್ ಮೇಲೆಯೇ ಅನುಮಾನ ಪಟ್ಟರು, ಸುದ್ದಿ ಮಾಧ್ಯಮಗಳು ವಾರಗಟ್ಟಲೆ ಅವರ ಮನೆ ಮುಂದೆ ಬೀಡುಬಿಟ್ಟವು. ಅಕ್ಟೋಬರಿನಲ್ಲಿ ಇವರ ಮೇಲೆ ತನಿಖೆ ಇಲ್ಲ ಎಂದು ಸರ್ಕಾರ ಪತ್ರ ಕೊಟ್ಟಿತು. ನಿಜವಾದ ಅಪರಾಧಿ ಎರಿಕ್ ರುಡಾಲ್ಫ್ ತಪ್ಪೊಪ್ಪಿಕೊಂಡದ್ದು 2005ರಲ್ಲಿ.

ಅದೇ ರಾತ್ರಿ ಇನ್ನೊಂದು ಸಂಗತಿಯೂ ನಡೆದಿತ್ತು, ಅದನ್ನು ಮೇಲಿನ ಅಧಿಕಾರಿಗಳು ಓದಲಿ ಎಂದೇ ಬರೆಯುತ್ತಿದ್ದೇನೆ. ಸ್ಫೋಟಕ್ಕೆ ಸುಮಾರು 20 ನಿಮಿಷ ಮುಂಚೆ ತುರ್ತು ಸಂಖ್ಯೆಗೆ ಎಚ್ಚರಿಕೆಯ ಕರೆ ಬಂದಿತ್ತು. ಕರೆ ತೆಗೆದುಕೊಂಡವರು ಅದನ್ನು ಮುಂದೆ ಕಳಿಸಲು ಹೋದರೆ ಕಂಪ್ಯೂಟರ್ ವಿಳಾಸ ಕೇಳಿತು, ಊರಿಗೆಲ್ಲ ಗೊತ್ತಿದ್ದ ಆ ಪಾರ್ಕಿನ ವಿಳಾಸವೇ ಅದರಲ್ಲಿ ಇರಲಿಲ್ಲ. ವಿಳಾಸ ಹುಡುಕುವುದರಲ್ಲೇ ಹೊತ್ತು ಹೋಯಿತು, ಪಾರ್ಕಿನಲ್ಲಿದ್ದವರಿಗೆ ಸುದ್ದಿ ಮುಟ್ಟುವ ಮೊದಲೇ ಬಾಂಬ್ ಸಿಡಿದಿತ್ತು. ಗಾರ್ಡ್ ತನ್ನ ಕೆಲಸ ಮಾಡಿದ್ದರು. ಸುದ್ದಿ ದಾಟಿಸಬೇಕಾದ ವ್ಯವಸ್ಥೆಯೇ ಕೈಕೊಟ್ಟಿತು. ನಿಮ್ಮ ಜೊತೆ ನಿಮ್ಮ ಮ್ಯಾನೇಜರ್, ಕಂಟ್ರೋಲ್ ರೂಮಿನವರು ಕೂಡ ಅದೇ ತರಬೇತಿಗೆ ಬರಬೇಕು ಅನ್ನುವುದು ಇದಕ್ಕೇ. ಬರುತ್ತಿದ್ದಾರಾ? ಕೇಳಿ ನೋಡಿ.

ಪ್ರಶ್ನೆ: ನಮ್ಮ ನಿಲ್ದಾಣದಲ್ಲಿ ದಿನಾ ಯಾರಾದರೂ ಬ್ಯಾಗ್ ಮರೆತು ಹೋಗುತ್ತಾರೆ. ಪ್ರತಿ ಸಲ ಎಲ್ಲರನ್ನೂ ಹೊರಗೆ ಕಳಿಸುತ್ತಾ ಕೂತರೆ ಕೆಲಸ ನಡೆಯುವುದಿಲ್ಲ. ಸುಮ್ನೆ ಬಿಟ್ಟರೆ ಭಯ. ಏನು ಮಾಡಬೇಕು?

ಉತ್ತರ: ಈ ತೊಂದರೆ ಚೆನ್ನಾಗಿ ಗೊತ್ತಿರುವವರು ಬ್ರಿಟನ್ನಿನ ರೈಲ್ವೆ ಪೊಲೀಸರು. ಅವರು ಮೂರು ಪ್ರಶ್ನೆ ಕೇಳಿಕೊಳ್ಳುವುದನ್ನು ರೂಢಿ ಮಾಡಿಕೊಂಡರು, ಈಗ ಬೇರೆ ದೇಶಗಳಲ್ಲೂ ಅದನ್ನೇ ಕಲಿಸುತ್ತಾರೆ. ವಸ್ತುವನ್ನು ಬೇಕೆಂದೇ ಬಚ್ಚಿಟ್ಟಂತೆ ಇದೆಯಾ? ನೋಡಿದ ತಕ್ಷಣ ಅನುಮಾನ ಬರುವಂಥದ್ದು ಏನಾದರೂ ಇದೆಯಾ, ಅಂದರೆ ಹೊರಗೆ ಕಾಣುವ ವೈರು, ಬ್ಯಾಟರಿ, ಸುತ್ತಿದ ಟೇಪು, ಸೋರುತ್ತಿರುವ ದ್ರವ? ಈ ಜಾಗದಲ್ಲಿ ಸಾಮಾನ್ಯವಾಗಿ ಇಂಥ ವಸ್ತು ಇರುತ್ತದಾ? ಮರೆತು ಹೋದವರು ಬ್ಯಾಗನ್ನು ಬೆಂಚಿನ ಮೇಲೆ, ಟಿಕೆಟ್ ಸಾಲಿನ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಬಿಟ್ಟಿರುತ್ತಾರೆ. ಅದನ್ನು ಶೌಚಾಲಯದ ತೊಟ್ಟಿಯ ಹಿಂದೆ ತುರುಕಿರುವುದಿಲ್ಲ. ಅನುಮಾನ ಇದ್ದಾಗ ಸುತ್ತಲಿನವರನ್ನು ಕೇಳಿ, ಕ್ಯಾಮೆರಾ ದೃಶ್ಯ ಹಿಂದಕ್ಕೆ ಓಡಿಸಿ ಯಾರು ಹೇಗೆ ಇಟ್ಟರು ಎಂದು ನೋಡಿ. ಎಷ್ಟೋ ಸಲ ಅಲ್ಲಿಗೇ ಬಗೆಹರಿಯುತ್ತದೆ.

ಬಗೆಹರಿಯದಿದ್ದರೆ ಮುಟ್ಟಬೇಡಿ, ಕಾಲಿನಿಂದ ತಳ್ಳಬೇಡಿ, ಮೇಲೆ ಬಕೆಟ್ ಮುಚ್ಚಬೇಡಿ, ನೀರು ಸುರಿಯಬೇಡಿ. ಹಿಂದೆ ಸರಿಯಿರಿ. ಬ್ರಿಟನ್ನಿನ ಸೂಚನೆ ಪ್ರಕಾರ ವಸ್ತುವಿನ 15 ಮೀಟರ್ ಒಳಗೆ ವಾಕಿಟಾಕಿ, ಮೊಬೈಲ್ ಬಳಸಬಾರದು. ಸಣ್ಣ ವಸ್ತುವಾದರೆ ಜನರನ್ನು 100 ಮೀಟರ್, ದೊಡ್ಡ ಸೂಟ್‌ಕೇಸ್ ಅಥವಾ ಕಾರಾದರೆ 200, ಲಾರಿಯಂಥ ದೊಡ್ಡ ವಾಹನವಾದರೆ 400 ಮೀಟರ್ ದೂರ ಕಳಿಸಬೇಕು. ದೂರ ಒಂದೇ ಸಾಲದು. ಗಟ್ಟಿ ಗೋಡೆಯ ಮರೆಗೆ ಹೋಗಬೇಕು, ಗಾಜಿನ ಹತ್ತಿರ ನಿಲ್ಲಬಾರದು. ಸ್ಫೋಟದಲ್ಲಿ ಒಡೆದು ಹಾರುವ ಗಾಜು ಬಹಳ ದೂರದವರನ್ನೂ ಗಾಯಗೊಳಿಸುತ್ತದೆ.

ಬ್ಯಾಗ್ ಎತ್ತಿ ಕಳೆದ ವಸ್ತುಗಳ ಕೋಣೆಗೆ ಹಾಕುವ ಅಭ್ಯಾಸ ಎಷ್ಟು ಅಪಾಯದ್ದು ಅನ್ನುವುದಕ್ಕೆ ಮ್ಯಾಡ್ರಿಡ್ ಸಾಕು. 2004ರ ಮಾರ್ಚ್ 11ರಂದು ಅಲ್ಲಿ ರೈಲುಗಳಲ್ಲಿ ಬಾಂಬ್‌ಗಳು ಸಿಡಿದವು. ಸಿಡಿಯದೇ ಉಳಿದ ಒಂದು ಬ್ಯಾಗ್ ಪ್ರಯಾಣಿಕರ ಸಾಮಾನುಗಳ ಜೊತೆ ಸೇರಿಕೊಂಡು ಪೊಲೀಸ್ ಠಾಣೆಯ ಒಳಗೇ ಬಂದುಬಿಟ್ಟಿತ್ತು. ಸಾಮಾನು ವಿಂಗಡಿಸುವಾಗ ಗೊತ್ತಾಯಿತು ಅದರೊಳಗೆ ಬಾಂಬ್ ಇದೆ ಎಂದು. ಪರಿಣತರು ಅದನ್ನು ನಿಷ್ಕ್ರಿಯಗೊಳಿಸಿದರು, ಅದರೊಳಗಿನ ಫೋನೇ ಮುಂದೆ ತನಿಖೆಗೆ ದಾರಿ ತೋರಿತು. ಆದರೆ ಅಲ್ಲಿಯವರೆಗೆ ಅದನ್ನು ಎಷ್ಟು ಕೈಗಳು ಎತ್ತಿ ಇಳಿಸಿದ್ದವೋ!

ಪ್ರಶ್ನೆ: ಕಚೇರಿಯ ಫೋನ್ ಎತ್ತುವ ಕೆಲಸ ನನ್ನದು. ಬಾಂಬ್ ಇಟ್ಟಿದ್ದೇನೆ ಎಂದು ಯಾರಾದರೂ ಕರೆ ಮಾಡಿದರೆ ಕೈಕಾಲು ನಡುಗುತ್ತದೆ. ಆಗ ಏನು ಮಾಡಲಿ?

ಉತ್ತರ: ನಡುಗುವುದು ಸಹಜ. ಅದಕ್ಕೇ ಒಂದು ಹಾಳೆ ಮೊದಲೇ ತಯಾರಿಸಿ ಫೋನಿನ ಕೆಳಗೆ ಇಟ್ಟುಕೊಳ್ಳಬೇಕು, ಆ ಹೊತ್ತಿಗೆ ಯೋಚಿಸುತ್ತಾ ಕೂರುವುದು ತಪ್ಪುತ್ತದೆ. ಎಲ್ಲಿ ಇಟ್ಟಿದ್ದೀರಿ, ಯಾವಾಗ ಸಿಡಿಯುತ್ತದೆ, ನೋಡಲು ಹೇಗಿದೆ, ಯಾಕೆ ಇಟ್ಟಿರಿ, ನೀವು ಯಾರು. ನೇರವಾಗಿ ಕೇಳಿ. ಇಂಥ ಕರೆ ಮಾಡುವವರು ಕೆಲವೊಮ್ಮೆ ಉತ್ತರ ಕೊಟ್ಟೇಬಿಡುತ್ತಾರೆ. ಮಾತು ಎಷ್ಟು ಉದ್ದವಾದರೆ ಅಷ್ಟು ಒಳ್ಳೆಯದು. ಪಕ್ಕದವರಿಗೆ ಚೀಟಿ ಬರೆದು ತೋರಿಸಿ, ಅವರು ಇನ್ನೊಂದು ಫೋನಿನಿಂದ ಪೊಲೀಸರಿಗೆ ತಿಳಿಸಲಿ. ಕರೆ ಮಾಡಿದವರು ಆಡಿದ ಮಾತನ್ನು ನಿಮ್ಮ ಮಾತಿಗೆ ತಿರುಗಿಸದೆ ಹಾಗೇ ಬರೆದುಕೊಳ್ಳಿ. ದನಿ ಹೇಗಿತ್ತು, ಓದಿ ಹೇಳಿದಂತಿತ್ತಾ, ಹಿಂದೆ ರೈಲಿನ ಸದ್ದು, ಯಂತ್ರದ ಸದ್ದು, ಮಕ್ಕಳ ಗಲಾಟೆ ಏನಾದರೂ ಕೇಳಿತಾ, ಅದೂ ಬೇಕು. ಅವರು ಇಟ್ಟರೂ ನೀವು ಆ ಫೋನ್ ಇಡಬೇಡಿ. ಬೆದರಿಕೆ ಇಮೇಲಿನಲ್ಲಿ ಬಂದರೆ ಅಳಿಸಬೇಡಿ. ಕಾಗದದಲ್ಲಿ ಬಂದರೆ ಕೈಯಿಂದ ಕೈಗೆ ದಾಟಿಸಬೇಡಿ, ಇದ್ದಲ್ಲೇ ಇರಲಿ.

ಇಂಥ ಕರೆಗಳಲ್ಲಿ ಹೆಚ್ಚಿನವು ಹುಸಿ. ಯಾವುದು ಹುಸಿ ಎಂದು ತೀರ್ಮಾನಿಸುವ ಹೊರೆ ಮಾತ್ರ ನಿಮ್ಮದಲ್ಲ. ನಿಮ್ಮ ಸಂಸ್ಥೆಯಲ್ಲಿ ಅದನ್ನು ಯಾರು ತೀರ್ಮಾನಿಸುತ್ತಾರೆ, ಅವರು ರಜೆಯಲ್ಲಿದ್ದರೆ ಯಾರು ಎಂಬ ಹೆಸರುಗಳೂ ಆ ಹಾಳೆಯಲ್ಲೇ ಇರಲಿ.

ಪ್ರಶ್ನೆ: ಗಾರ್ಡ್ ಕೆಲಸಕ್ಕೆ ಹೊಸಬ. ಯಾರನ್ನಾದರೂ ನೋಡಿ ಅನುಮಾನ ಬಂದರೂ ಹೋಗಿ ಕೇಳಲು ಹಿಂಜರಿಕೆ. ಅವರ ಬಣ್ಣ, ಬಟ್ಟೆ, ಧರ್ಮ ನೋಡಿ ಕೇಳಿದೆ ಅಂತ ದೂರು ಕೊಟ್ಟರೆ? ಕೆಲಸ ಹೋಗುತ್ತದೆ ಅಲ್ವಾ?

ಉತ್ತರ: ಬಂದ ಪತ್ರಗಳಲ್ಲಿ ನನ್ನನ್ನು ತುಂಬಾ ಕಾಡಿದ್ದು ನಿಮ್ಮದು. ಯಾಕೆಂದರೆ ಇದೇ ಹಿಂಜರಿಕೆ 2017ರ ಮೇ 22ರ ರಾತ್ರಿ ಬ್ರಿಟನ್ನಿನ ಮ್ಯಾಂಚೆಸ್ಟರ್ ಅರೀನಾ ಎಂಬ ದೊಡ್ಡ ಸಭಾಂಗಣದಲ್ಲಿ ಒಬ್ಬ ಹುಡುಗನಿಗೆ ಇತ್ತು.

ಸಂಗೀತ ಕಾರ್ಯಕ್ರಮ ಮುಗಿಯುವ ಹೊತ್ತು. ಮಗಳನ್ನು ಕರೆದೊಯ್ಯಲು ಬಂದಿದ್ದ ಒಬ್ಬರ ಕಣ್ಣಿಗೆ ಬಾಗಿಲಾಚೆಯ ಹಾಲ್‌ನಲ್ಲಿ ದೊಡ್ಡ ಬ್ಯಾಗ್ ಹೊತ್ತು ಮರೆಯಲ್ಲಿ ಕೂತಿದ್ದ ಒಬ್ಬ ಯುವಕ ಬಿದ್ದ. ಅವರು ಅವನನ್ನೇ ಹೋಗಿ ಮಾತಾಡಿಸಿದರು, ಆಮೇಲೆ ಅಲ್ಲಿದ್ದ ಸಿಬ್ಬಂದಿಯೊಬ್ಬನಿಗೆ ಹೇಳಿದರು. ತನ್ನ ಮಾತನ್ನು ಅವನು ತಳ್ಳಿಹಾಕಿದ ಅಂತಲೇ ಅವರಿಗೆ ಅನಿಸಿತು. ಆ ಸಿಬ್ಬಂದಿ ಹತ್ತಿರ ವಾಕಿಟಾಕಿ ಇರಲಿಲ್ಲ, ನಿಂತ ಜಾಗ ಬಿಡುವ ಹಾಗಿಲ್ಲ ಎಂದುಕೊಂಡ. ಕೆಲವು ನಿಮಿಷ ಕಳೆದ ಮೇಲೆ ಇನ್ನೊಬ್ಬ ಗಾರ್ಡ್‌ಗೆ ಹೇಳಿದ. ಅವನಿಗೆ 18 ವರ್ಷ. ತಪ್ಪಾದರೆ ನನ್ನನ್ನು ಜನಾಂಗ ದ್ವೇಷಿ ಅನ್ನುತ್ತಾರೆ ಎಂಬ ಭಯ ಅವನಿಗೆ. ವಾಕಿಟಾಕಿಯಲ್ಲಿ ಕಂಟ್ರೋಲ್ ರೂಮ್ ಹಿಡಿಯಲು ನೋಡಿದೆ, ಸಿಗಲಿಲ್ಲ ಎಂದು ಆಮೇಲೆ ಹೇಳಿದ. ವಿಷಯ ಅಲ್ಲಿಗೇ ನಿಂತಿತು. ರಾತ್ರಿ 10:31ಕ್ಕೆ ಬ್ಯಾಗಿನಲ್ಲಿದ್ದ ಬಾಂಬ್ ಸಿಡಿದು 22 ಜನ ಸತ್ತರು. ತನಿಖಾ ಆಯೋಗದ 2021ರ ವರದಿ ಇದನ್ನು ಕೈತಪ್ಪಿದ ಅವಕಾಶ ಎಂದು ಬರೆದಿದೆ.

ನಾನು ಆ ಹುಡುಗರ ಮೇಲೆ ಬೆರಳು ತೋರಿಸಲು ಇದನ್ನು ಹೇಳುತ್ತಿಲ್ಲ. ಅವರಿಗೆ ಕಲಿಸಬೇಕಾದವರು ಸರಿಯಾಗಿ ಕಲಿಸಿರಲಿಲ್ಲ, ಕೊಡಬೇಕಾದದ್ದನ್ನು ಕೊಟ್ಟಿರಲಿಲ್ಲ. ನೋಡಿದ್ದು ಮೂರು ಜನ, ಕೇಳಿಸಿಕೊಳ್ಳಬೇಕಾದ ಜಾಗಕ್ಕೆ ಒಬ್ಬರ ಮಾತೂ ತಲುಪಲಿಲ್ಲ.

ಈಗ ನಿಮ್ಮ ವಿಷಯ. ಒಳ್ಳೆಯ ತರಬೇತಿ ಮುಖ ನೋಡುವುದನ್ನು ಕಲಿಸುವುದಿಲ್ಲ, ನಡವಳಿಕೆ ನೋಡುವುದನ್ನು ಕಲಿಸುತ್ತದೆ. ಬಾಗಿಲು, ಕ್ಯಾಮೆರಾ, ಗಾರ್ಡ್ ಬದಲಾಗುವ ಹೊತ್ತು ಇವನ್ನೇ ಫೋಟೋ ತೆಗೆಯುವುದು, ಸಿಬ್ಬಂದಿ ಮಾತ್ರ ಹೋಗುವ ಕಡೆ ಸುಳಿದಾಡುವುದು, ಗಾರ್ಡ್ ಕಂಡ ತಕ್ಷಣ ದಾರಿ ಬದಲಿಸುವುದು, ಸೆಕೆಯಲ್ಲೂ ದಪ್ಪ ಜಾಕೆಟ್. ಹತ್ತಿರ ಹೋಗಿ ಪೊಲೀಸ್ ದನಿ ತೆಗೆಯಬೇಡಿ. ನಗುಮುಖದಿಂದ ‘ನಮಸ್ಕಾರ, ಏನಾದರೂ ಸಹಾಯ ಬೇಕಿತ್ತಾ, ಯಾರಿಗಾಗಿ ಕಾಯುತ್ತಿದ್ದೀರಿ’ ಎಂದು ಕೇಳಿ. ದಾರಿ ತಪ್ಪಿದವರಿಗೆ ನಿಜಕ್ಕೂ ಸಹಾಯವಾಗುತ್ತದೆ. ಕೆಟ್ಟದ್ದಕ್ಕೆ ಬಂದವರಿಗೆ ನಮ್ಮನ್ನು ಯಾರೋ ಗಮನಿಸಿದ್ದಾರೆ ಎಂದು ಗೊತ್ತಾಗುತ್ತದೆ, ಎಷ್ಟೋ ಸಲ ಅಷ್ಟಕ್ಕೇ ಅವರು ಕಾಲ್ತೆಗೆಯುತ್ತಾರೆ. ಮೈಮೇಲೆ, ಬ್ಯಾಗಿನಲ್ಲಿ ಬಾಂಬ್ ಇದೆ ಎಂಬ ಗಟ್ಟಿ ಅನುಮಾನವಿದ್ದರೆ ಮಾತ್ರ ಹತ್ತಿರ ಹೋಗಲೇಬೇಡಿ, ಸೀದಾ ಪೊಲೀಸರಿಗೆ ಹೇಳಿ. ಕಂಟ್ರೋಲ್ ರೂಮಿಗೆ ವರದಿ ಮಾಡುವಾಗ ಆ ವ್ಯಕ್ತಿ ಏನು ಮಾಡುತ್ತಿದ್ದ ಎಂಬುದನ್ನು ಹೇಳಿದರೆ ನಿಮ್ಮ ಮೇಲೆ ದೂರು ನಿಲ್ಲುವುದು ಕಷ್ಟ.

ಪ್ರಶ್ನೆ: ಆಂಬ್ಯುಲೆನ್ಸ್‌ನಲ್ಲಿ ಕೆಲಸ. ಸ್ಫೋಟವಾದ ಜಾಗಕ್ಕೆ ನಾವೇ ಮೊದಲು ಹೋಗುವುದು. ಒಳಗೆ ನುಗ್ಗಬೇಕಾ, ಪೊಲೀಸರು ಸರಿ ಅನ್ನುವವರೆಗೆ ಕಾಯಬೇಕಾ?

ಉತ್ತರ: ಎರಡೂ ಕಡೆ ಜೀವ ಹೋಗಿದೆ, ಹಾಗಾಗಿ ಒಂದೇ ಮಾತಿನ ಉತ್ತರ ಇಲ್ಲ.

1997ರ ಜನವರಿಯಲ್ಲಿ ಅಟ್ಲಾಂಟಾದ ಹತ್ತಿರ ಒಂದು ಚಿಕಿತ್ಸಾಲಯದಲ್ಲಿ ಬಾಂಬ್ ಸಿಡಿಯಿತು. ಅದನ್ನಿಟ್ಟವನೂ ಒಲಿಂಪಿಕ್ಸ್ ಪಾರ್ಕಿನ ಅದೇ ರುಡಾಲ್ಫ್. ಸುಮಾರು ಒಂದು ಗಂಟೆ ಬಿಟ್ಟು, ರಕ್ಷಣೆಗೆ ಬಂದವರು ಸೇರಿದ್ದ ವಾಹನ ನಿಲುಗಡೆಯಲ್ಲಿ ಎರಡನೆಯದು ಸಿಡಿಯಿತು. ಅವನ ಗುರಿ ಬಂದವರೇ ಆಗಿದ್ದರು. ಬಾಲಿಯಲ್ಲಿ 2002ರ ಅಕ್ಟೋಬರ್ 12ರಂದು ಮೊದಲ ಸ್ಫೋಟಕ್ಕೆ ಹೆದರಿ ಜನ ಬೀದಿಗೆ ಓಡಿದರು, ಅಲ್ಲಿ ನಿಲ್ಲಿಸಿದ್ದ ವ್ಯಾನ್ ಸಿಡಿಯಿತು. ಒಟ್ಟು 202 ಜನ ಸತ್ತರು. ಹಾಗಾಗಿ ವಾಹನ ನಿಲ್ಲಿಸುವ ಮೊದಲು ಆ ಜಾಗವನ್ನು ಸುತ್ತ ನೋಡಿ. ಬಿಟ್ಟುಹೋದ ಬ್ಯಾಗ್, ಒಂಟಿ ಕಾರು, ಕಸದ ಡಬ್ಬಿ. ಪ್ರತಿ ಸಲವೂ ಅದೇ ಜಾಗದಲ್ಲಿ ನಿಲ್ಲಿಸುವ ರೂಢಿಯನ್ನೂ ಬಿಡಿ.

ಇನ್ನೊಂದು ಕಡೆ ಮ್ಯಾಂಚೆಸ್ಟರ್. ಅಗ್ನಿಶಾಮಕ ದಳ ಸ್ಥಳಕ್ಕೆ ಬರುವಾಗ ಸ್ಫೋಟವಾಗಿ ಎರಡು ಗಂಟೆ ದಾಟಿತ್ತು. ಗಾಯಾಳುಗಳು ಬಿದ್ದಿದ್ದ ಆ ಹಾಲ್‌ಗೆ ಹೋದ ಆಂಬ್ಯುಲೆನ್ಸ್ ಪರಿಣತರು ಕೇವಲ ಮೂರು ಜನ. ಪೊಲೀಸರು, ಅಗ್ನಿಶಾಮಕದವರು, ಆಂಬ್ಯುಲೆನ್ಸಿನವರು ಬೇಕಾದ ಹೊತ್ತಿಗೆ ಒಂದೇ ಕಡೆ ಸೇರಿ ಮಾತಾಡಲಿಲ್ಲ. ಸತ್ತವರಲ್ಲಿ ಒಬ್ಬರು ಸರಿಯಾದ ನೆರವು ಬೇಗ ಸಿಕ್ಕಿದ್ದರೆ ಉಳಿಯುತ್ತಿದ್ದರೇನೋ ಎಂದು ಆಯೋಗ ಹೇಳಿತು. ಅವರು ಒಂದು ಗಂಟೆಗೂ ಹೆಚ್ಚು ಹೊತ್ತು ಬದುಕಿದ್ದರು. ಇದನ್ನು ಓದಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ಕಾಯುವುದಾದರೆ ಯಾರಿಗಾಗಿ, ಎಷ್ಟು ಹೊತ್ತು, ಒಳಗಿನ ಸುದ್ದಿ ಯಾರಿಂದ ಎಂಬುದು ಮೂರೂ ಸೇವೆಯವರಿಗೆ ಮೊದಲೇ ಗೊತ್ತಿರಬೇಕು. ಇದು ಕಾಗದದ ಮೇಲೆ ಬರುವುದಿಲ್ಲ, ಒಟ್ಟಿಗೆ ಅಣಕು ಕಾರ್ಯಾಚರಣೆ ಮಾಡಿದರೆ ಮಾತ್ರ ಬರುತ್ತದೆ.

ಒಳಗೆ ಹೋದ ಮೇಲೆ ಮೊದಲ ಶತ್ರು ರಕ್ತಸ್ರಾವ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಗುರಿರೇಖೆಯ ಹತ್ತಿರ ಎರಡು ಬಾಂಬ್ ಸಿಡಿದಾಗ ಸ್ಥಳದಲ್ಲೇ ಮೂವರು ಸತ್ತರು, ಗಾಯಗೊಂಡವರು 260ಕ್ಕೂ ಹೆಚ್ಚು. ಕಾಲು ಛಿದ್ರವಾದವರಿಗೆ ಅಲ್ಲಿದ್ದವರು ಬೆಲ್ಟು, ಬಟ್ಟೆ ಸಿಕ್ಕಿದ್ದನ್ನೇ ಬಿಗಿದು ಕಟ್ಟಿದರು. ಜೀವ ಇದ್ದು ಆಸ್ಪತ್ರೆ ಮುಟ್ಟಿದವರಲ್ಲಿ ಒಬ್ಬರೂ ಸಾಯಲಿಲ್ಲ. ಕೈಕಾಲಿನ ರಕ್ತ ನಿಲ್ಲಿಸಲು ಬಿಗಿಯುವ ಟೂರ್ನಿಕೆಟ್ ಪಟ್ಟಿಯನ್ನು ಗಾಯಕ್ಕಿಂತ ನಾಲ್ಕು ಬೆರಳು ಮೇಲೆ, ಮಂಡಿ ಮೊಣಕೈ ಕೀಲುಗಳನ್ನು ಬಿಟ್ಟು, ರಕ್ತ ನಿಲ್ಲುವವರೆಗೆ ಬಿಗಿಯಿರಿ. ಗಾಯಾಳು ನೋವಿಗೆ ಕೂಗಿದರೂ ಸಡಿಲಿಸಬೇಡಿ. ಕಟ್ಟಿದ ಸಮಯ ಬರೆಯಿರಿ. ಇನ್ನೊಂದು ವಿಷಯ ತುಂಬಾ ಜನ ಮರೆಯುತ್ತಾರೆ: ಸ್ಫೋಟದ ಒತ್ತಡಕ್ಕೆ ಗಾಯಾಳುಗಳ ಕಿವಿತಮಟೆ ಹರಿದಿರಬಹುದು. ನೀವು ‘ಎದ್ದೇಳಿ, ಈ ಕಡೆ ಬನ್ನಿ’ ಎಂದು ಕೂಗಿದರೆ ಅವರಿಗೆ ಕೇಳಿಸದೇ ಇರಬಹುದು. ಮುಖದ ಎದುರು ನಿಂತು ಕೈಸನ್ನೆ ಮಾಡಿ. ಹೊರಗೆ ಗಾಯ ಕಾಣದವರಿಗೂ ಶ್ವಾಸಕೋಶಕ್ಕೆ ಪೆಟ್ಟಾಗಿರಬಹುದು, ಅದು ತಡವಾಗಿ ಗೊತ್ತಾಗುತ್ತದೆ. ನಾನು ಚೆನ್ನಾಗಿದ್ದೇನೆ ಎಂದವರನ್ನು ಹಾಗೇ ಮನೆಗೆ ಕಳಿಸಬೇಡಿ.

ಪ್ರಶ್ನೆ: ಕಟ್ಟಡದ ಆಡಳಿತ ನನ್ನದು. ಬೆಂಕಿಗೆ ಮಾಡಿಟ್ಟ ತೆರವು ಯೋಜನೆಯನ್ನೇ ಬಾಂಬ್ ಬೆದರಿಕೆಗೂ ಬಳಸಬಹುದಾ?

ಉತ್ತರ: ಬೇಡ. ಬೆಂಕಿ ಎಲ್ಲಿದೆ ಎಂದು ಕಣ್ಣಿಗೆ ಕಾಣುತ್ತದೆ, ಬಾಂಬ್ ಕಾಣುವುದಿಲ್ಲ. 1998ರ ಆಗಸ್ಟ್ 15ರಂದು ಉತ್ತರ ಐರ್ಲೆಂಡಿನ ಓಮಾ ಪಟ್ಟಣದಲ್ಲಿ ನ್ಯಾಯಾಲಯದ ಹತ್ತಿರ ಬಾಂಬ್ ಇದೆ ಎಂಬರ್ಥದ ಗೊಂದಲದ ಕರೆಗಳು ಬಂದವು. ಪೊಲೀಸರು ಜನರನ್ನು ನ್ಯಾಯಾಲಯದಿಂದ ದೂರ ಕಳಿಸಿದರು. ಬಾಂಬ್ ಇದ್ದ ಕಾರು ನಿಂತಿದ್ದು ಜನ ಹೋಗಿ ಸೇರಿದ ಬೀದಿಯಲ್ಲೇ. 29 ಜನ ಸತ್ತರು, ಅವರಲ್ಲಿ ಒಬ್ಬರು ಅವಳಿ ಮಕ್ಕಳ ಗರ್ಭಿಣಿ.

ಜನರನ್ನು ಕಳಿಸುವ ಮೊದಲು ದಾರಿಯನ್ನೂ ಸೇರುವ ಜಾಗವನ್ನೂ ಸಿಬ್ಬಂದಿ ನೋಡಿ ಬಂದಿರಬೇಕು. ಸೇರುವ ಜಾಗ ಒಂದಕ್ಕಿಂತ ಹೆಚ್ಚಿರಲಿ, ವಾಹನ ನಿಲುಗಡೆ ಬೇಡವೇ ಬೇಡ. ಅಪಾಯ ಹೊರಗಿದ್ದರೆ ಎಲ್ಲರನ್ನೂ ಒಳಗೇ, ಕಿಟಕಿಯಿಂದ ದೂರ ಇರಿಸುವುದೇ ಲೇಸು. ಹುಡುಕುವ ಕೆಲಸಕ್ಕೆ ಆಯಾ ವಿಭಾಗದಲ್ಲಿ ದಿನಾ ಕೂರುವವರನ್ನೇ ಹಾಕಿ, ಯಾವ ಪೆಟ್ಟಿಗೆ ಎಲ್ಲಿರುತ್ತದೆ ಎಂದು ಅವರಿಗೆ ಗೊತ್ತು. ಕೋಣೆಗೆ ಹೋದ ತಕ್ಷಣ ಒಂದು ಕ್ಷಣ ನಿಂತು ಕಿವಿಗೊಡಬೇಕು. ಆಮೇಲೆ ನೆಲದಿಂದ ಸೊಂಟದವರೆಗೆ ಒಂದು ಸುತ್ತು, ಸೊಂಟದಿಂದ ತಲೆಯವರೆಗೆ ಒಂದು, ಅಲ್ಲಿಂದ ಚಾವಣಿಯವರೆಗೆ ಇನ್ನೊಂದು. ಹೊಸ ವಸ್ತು ಕಂಡರೆ ಮುಟ್ಟದೆ ಹೊರಬಂದು ತಿಳಿಸಬೇಕು.

ಪ್ರಶ್ನೆ: ರಾಸಾಯನಿಕ, ತೋಟದ ಸಾಮಗ್ರಿ ಮಾರುವ ಅಂಗಡಿ ನಮ್ಮದು. ಈ ತರಬೇತಿ ನಮಗೂ ಅನ್ವಯಿಸುತ್ತದಾ?

ಉತ್ತರ: ಖಂಡಿತ. ನೀವು ಮಾರುವ ಕೆಲವು ವಸ್ತುಗಳನ್ನು ಬಾಂಬ್ ಮಾಡಲು ದುರ್ಬಳಕೆ ಮಾಡುವವರಿದ್ದಾರೆ. ಯೂರೋಪಿಯನ್ ಒಕ್ಕೂಟದಲ್ಲಂತೂ ಕಾನೂನೇ ಇದೆ, ಅನುಮಾನದ ಖರೀದಿಯನ್ನು 24 ಗಂಟೆ ಒಳಗೆ ವರದಿ ಮಾಡಬೇಕು. ಯಾತಕ್ಕೆ ಬೇಕು ಅಂದರೆ ತಡವರಿಸುವವರು, ಬಳಕೆಯೇ ಗೊತ್ತಿಲ್ಲದವರು, ಅಳತೆ ಮೀರಿ ಕೇಳುವವರು, ಗುರುತಿನ ಚೀಟಿ ಅಂದ ಕೂಡಲೇ ಹೊರಡುವವರು. ಮಾರಲು ಮನಸ್ಸು ಒಪ್ಪದಿದ್ದರೆ ಜಗಳಕ್ಕೆ ಇಳಿಯಬೇಡಿ. ಸ್ಟಾಕ್ ಇಲ್ಲ ಎಂದು ಹೇಳಿ, ಆಳಿನ ಗುರುತು, ವಾಹನದ ಸಂಖ್ಯೆ ಬರೆದಿಟ್ಟು ಪೊಲೀಸರಿಗೆ ತಿಳಿಸಿ. ದಾಸ್ತಾನು ಲೆಕ್ಕಕ್ಕೆ ಸಿಗದಿದ್ದರೆ ಅದನ್ನೂ ಹೇಳಬೇಕು.

ಪ್ರಶ್ನೆ: ನಮ್ಮ ಸಂಸ್ಥೆಯವರು ಒಂದು ವಿಡಿಯೋ ತೋರಿಸಿ ಸಹಿ ಹಾಕಿಸಿಕೊಂಡರು. ಇಷ್ಟು ಸಾಕಾ?

ಉತ್ತರ: ವಿಡಿಯೋ ಶುರುವಾತಿಗೆ ಪರವಾಗಿಲ್ಲ. ಅಮೆರಿಕದಲ್ಲಿ ಸಿಸಾ ಎಂಬ ಸರ್ಕಾರಿ ಸಂಸ್ಥೆಯ ಬಾಂಬ್ ತಡೆ ಕಚೇರಿ ಕಂಪ್ಯೂಟರ್ ಮೂಲಕ ನೋಡುವ ಪಾಠಗಳನ್ನೂ ಎದುರುಬದುರು ಕೂತು ಕಲಿಯುವ ತರಗತಿಗಳನ್ನೂ ಉಚಿತವಾಗಿ ನಡೆಸುತ್ತಾ ಬಂದಿದೆ. ಬ್ರಿಟನ್ನಿನಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಮಗನನ್ನು ಕಳೆದುಕೊಂಡ ತಾಯಿ ಫಿಗೆನ್ ಮರ್ರೆ ವರ್ಷಗಟ್ಟಲೆ ಹೋರಾಡಿ ಕಾನೂನೇ ತರಿಸಿದರು. 2025ರ ಏಪ್ರಿಲ್‌ನಲ್ಲಿ ಅದಕ್ಕೆ ಅಂಗೀಕಾರ ಸಿಕ್ಕಿತು. ಜಾರಿಗೆ ಕನಿಷ್ಠ ಎರಡು ವರ್ಷ ಸಮಯ ಕೊಟ್ಟಿದ್ದಾರೆ. 200 ಅಥವಾ ಅದಕ್ಕಿಂತ ಹೆಚ್ಚು ಜನ ಸೇರುವ ಜಾಗಗಳು ದಾಳಿಯಾದರೆ ಏನು ಮಾಡಬೇಕೆಂಬ ವ್ಯವಸ್ಥೆ ಇಟ್ಟುಕೊಳ್ಳಬೇಕು, 800 ಮುಟ್ಟಿದರೆ ಹೊಣೆ ಇನ್ನೂ ಜಾಸ್ತಿ.

ನಿಮ್ಮ ಸಂಸ್ಥೆಯನ್ನು ನೀವೇ ಪರೀಕ್ಷಿಸಬಹುದು. ಮೇಲಿನವರ ಒಪ್ಪಿಗೆ ತೆಗೆದುಕೊಂಡು, ಮೊದಲೇ ಪರೀಕ್ಷಿಸಿದ ಒಂದು ಖಾಲಿ ಬ್ಯಾಗನ್ನು ಜನ ಓಡಾಡದ ಹೊತ್ತಿನಲ್ಲಿ ಒಂದು ಕಡೆ ಇಡಿ. ಯಾರು ಮೊದಲು ನೋಡಿದರು, ಯಾರಿಗೆ ಹೇಳಿದರು, ಕಂಟ್ರೋಲ್ ರೂಮ್ ವಾಕಿಟಾಕಿಗೆ ಎಷ್ಟು ಹೊತ್ತಿಗೆ ಉತ್ತರ ಕೊಟ್ಟಿತು ಎಂದು ಗಡಿಯಾರ ಹಿಡಿದು ನೋಡಿ. ಗುತ್ತಿಗೆ ಗಾರ್ಡ್‌ಗಳು ಪದೇ ಪದೇ ಬದಲಾಗುವ ಕಡೆ ಹೊಸಬರು ಬಂದಾಗಲೆಲ್ಲ ಇದನ್ನು ಮತ್ತೆ ಮಾಡಬೇಕು. ರಾತ್ರಿ ಪಾಳಿಯವರನ್ನು, ಶುಚಿಗೊಳಿಸುವವರನ್ನು ಬಿಡಬೇಡಿ. ಯಾವ ಮೂಲೆಯಲ್ಲಿ ಏನು ಇರುತ್ತದೆ ಎಂದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವುದು ಅವರಿಗೆ. ಆದರೂ ತರಬೇತಿಗೆ ಕರೆಯುವಾಗ ಮೊದಲು ಬಿಟ್ಟುಹೋಗುವುದು ಅವರದೇ ಹೆಸರು.